ಪ್ರಮಾಣ ಮತ್ತು ಪ್ರತಿಕೃತಿ: ಹಳೆಯ ವಿದ್ಯುತ್ ರೈಲುಗಳ ಕಿರುಮಾದರಿಯನ್ನು ಕುರಿತು

'ಪ್ರಮಾಣ' ಎಂಬ ಪದವು ನಮ್ಮ ನುಡಿಯಲ್ಲಿ ಮೂರು ನೆಲೆಗಳಲ್ಲಿ ಬಳಕೆಯಾಗುತ್ತದೆ. ಅಕ್ಕಿಯ ಪ್ರಮಾಣ, ಮಳೆಯ ಪ್ರಮಾಣ ಎನ್ನುವಾಗ ಅದಕ್ಕೆ ಅಳತೆಯೆಂದು ಅರ್ಥ. ಪ್ರತ್ಯಕ್ಷ ಪ್ರಮಾಣ, ಅನುಮಾನ ಪ್ರಮಾಣ ಎಂದು ಶಾಸ್ತ್ರಕಾರರು ಹೇಳುವಾಗ ಯಥಾರ್ಥಜ್ಞಾನಕ್ಕೆ ಸಾಧನವೆಂದು ಅರ್ಥ. ದೇವರ ಮುಂದೆ ಪ್ರಮಾಣ ಮಾಡಿದನು ಎನ್ನುವಾಗ ಸತ್ಯವನ್ನೇ ನುಡಿಯುವೆನೆಂಬ ಆಣೆ ಎಂದು ಅರ್ಥ. ಅಳತೆ, ಅರಿವು, ಆಣೆ ಈ ಮೂರೂ ಒಂದೇ ಪದದಲ್ಲಿ ಕೂಡಿ ಬಂದಿರುವುದರ ಔಚಿತ್ಯವು ನನಗೆ ಮನದಟ್ಟಾದುದು ಯಾವ ಗ್ರಂಥದಿಂದಲೂ ಅಲ್ಲ. ಒಂದು ರಟ್ಟಿನ ರೈಲುಗಾಡಿಯಿಂದ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ವಸ್ತುಪ್ರದರ್ಶನಕ್ಕೆ ಒಂಬತ್ತನೆಯ ತರಗತಿಯ ಬಾಲಕನೊಬ್ಬನು ರಟ್ಟಿನಿಂದ ಗಾಡಿಯೊಂದನ್ನು ಮಾಡಿ ತಂದಿದ್ದನು. ಬ್ರಿಟನ್ನಿನ ಹಳೆಯ ವಿದ್ಯುತ್ ರೈಲಿನ ಚಿತ್ರವನ್ನು ಪುಸ್ತಕದಲ್ಲಿ ನೋಡಿ ಅದರಂತೆ ರಚಿಸಿದ್ದನು. ಬಣ್ಣವು ಸೊಗಸಾಗಿತ್ತು, ಕಿಟಕಿಗಳಿಗೆ ಪಾರದರ್ಶಕ ಹಾಳೆಯನ್ನು ಅಂಟಿಸಿದ್ದನು. ಗಾಡಿಯ ಉದ್ದ 24 ಸೆಂಟಿಮೀಟರು. "ನಿಜವಾದ ಗಾಡಿ ಎಷ್ಟು ಉದ್ದವಪ್ಪಾ?" ಎಂದು ಕೇಳಿದೆ. "ಅರವತ್ತು ಅಡಿ ಎಂದು ಇಟ್ಟುಕೊಂಡೆ, ಗುರುಗಳೇ" ಎಂದನು. ಅಂದರೆ ಒಂದು ಅಡಿಗೆ 4 ಮಿಲಿಮೀಟರು. ಬಾಗಿಲನ್ನು ಅಳೆಯ ಹೇಳಿದೆ. ಅದು 36 ಮಿಲಿಮೀಟರು ಇತ್ತು. ಬಾಲಕನು ಮನಸ್ಸಿನಲ್ಲೇ ಲೆಕ್ಕ ಹಾಕಿ, "ಒಂಬತ್ತು ಅಡಿ ಆಯಿತು, ಗುರುಗಳೇ" ಎಂದು ತಲೆ ತಗ್ಗಿಸಿದನು. ಆಮೇಲೆ ಮೆಲ್ಲನೆ, "ಆದರೂ ನೋಡಿದವರಿಗೆ ಇದು ರೈಲೆಂದು ತಿಳಿಯುವುದಿಲ್ಲವೇ?" ಎಂದನು. ಪ್ರಶ್ನೆಯು ಸಹಜವಾದುದೇ. ಅದಕ್ಕೆ ಅಂದು ಎರಡು ಮಾತಿನಲ್ಲಿ ಉತ್ತರಿಸಿದೆ. ಇಂದು ತುಸು ವಿಸ್ತಾರವಾಗಿ ಉತ್ತರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಆಟಿಕೆಯೂ ಪ್ರತಿಕೃತಿಯೂ ಒಂದೇ ಅಲ್ಲ. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಬಂಡಿಯು ಮಗುವಿನ ಕೈಗೆ ಒಗ್ಗಬೇಕು, ಕಣ್ಣಿಗೆ ಹಿತವಾಗಬೇಕು. ಅದರಿಂದ ಅಳತೆಯ ಸತ್ಯವನ್ನು ಯಾರೂ ನಿರೀಕ್ಷಿಸುವುದಿಲ್ಲ. ಅದು ಅದರ ದೋಷವಲ್ಲ. ಆದರೆ 'ಇದು ಇಂತಹ ಗಾಡಿಯ ಮಾದರಿ' ಎಂದು ಹೆಸರಿಟ್ಟ ಕೂಡಲೇ ರಚಿಸಿದವನು ನೋಡುವವನಿಗೆ ಒಂದು ಮಾತನ್ನು ಕೊಟ್ಟಂತಾಯಿತು. ನಮ್ಮ ಶಿಲ್ಪಿಗಳು ಇದನ್ನು ಚೆನ್ನಾಗಿ ಬಲ್ಲರು. ಮುಖದ ಉದ್ದವನ್ನು ಒಂದು ತಾಲವೆಂದೂ ತಾಲವನ್ನು ಹನ್ನೆರಡು ಅಂಗುಲವೆಂದೂ ಇಟ್ಟುಕೊಂಡು, ಮೂರ್ತಿಯು ಗೇಣುದ್ದವಿರಲಿ ಆಳುದ್ದವಿರಲಿ, ಅಂಗಾಂಗಗಳ ಪರಸ್ಪರ ಸಂಬಂಧವು ಕೆಡದಂತೆ ಕಡೆಯುವುದು ತಾಲಮಾನದ ಕ್ರಮ. ಗಾತ್ರವು ಬದಲಾಗಬಹುದು, ಅನುಪಾತವು ಬದಲಾಗಬಾರದು. ರೈಲಿನ ಕಿರುಮಾದರಿಯ ಶಾಸ್ತ್ರವೂ ಇಷ್ಟೇ.

ಮಾದರಿಯನ್ನು ರಚಿಸುವವನು ಮೊದಲು ಮೂಲವನ್ನು ಅರಿಯಬೇಕು. ರೈಲನ್ನು ನಮ್ಮ ಹಿರಿಯರು ಹೊಗೆಬಂಡಿ, ಉಗಿಬಂಡಿ ಎಂದು ಕರೆದರು. ಹೊಗೆಯೂ ಉಗಿಯೂ ಇಲ್ಲದ ಬಂಡಿಯು ಬ್ರಿಟನ್ನಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಓಡಿತು. 1883ರಲ್ಲಿ ಬ್ರೈಟನ್ ನಗರದ ಕಡಲತೀರದಲ್ಲಿ ಮ್ಯಾಗ್ನಸ್ ವೋಕ್ ಎಂಬಾತನು ಪುಟ್ಟ ವಿದ್ಯುತ್ ರೈಲನ್ನು ನಡೆಸಿದನು. 1890ರಲ್ಲಿ ಲಂಡನ್ನಿನ ನೆಲದಾಳದ ಸುರಂಗದಲ್ಲಿಯೂ, 1893ರಲ್ಲಿ ಲಿವರ್‌ಪೂಲಿನ ಹಡಗುಕಟ್ಟೆಗಳ ಪಕ್ಕದ ಎತ್ತರದ ಕಬ್ಬಿಣದ ಸೇತುವೆಯ ಮೇಲೂ ವಿದ್ಯುತ್ ರೈಲುಗಳು ಸಂಚರಿಸಿದವು. ಇಪ್ಪತ್ತನೆಯ ಶತಮಾನದಲ್ಲಿ ಲಂಡನ್ನಿನ ದಕ್ಷಿಣದ ಸದರ್ನ್ ರೈಲ್ವೆಯು ಈ ವಿಧಾನವನ್ನು ಬಹಳವಾಗಿ ಹರಡಿತು. ಅಲ್ಲಿ ವಿದ್ಯುತ್ತು ಮೇಲಿನ ತಂತಿಯಲ್ಲಿ ಬರುವುದಿಲ್ಲ. ಹಳಿಗಳ ಪಕ್ಕದಲ್ಲಿ ಹಾಸಿದ ಮೂರನೆಯ ಹಳಿಯಲ್ಲಿ ಬರುತ್ತದೆ. ಗಾಡಿಯ ಬದಿಯಿಂದ ಚಾಚಿದ ಕಬ್ಬಿಣದ ಪಾದುಕೆಯೊಂದು ಆ ಹಳಿಯನ್ನು ಸವರುತ್ತ ಶಕ್ತಿಯನ್ನು ಪಡೆಯುತ್ತದೆ. ಇಂತಹ ರೈಲಿಗೆ ಪ್ರತ್ಯೇಕ ಎಂಜಿನ್ನಿಲ್ಲ. ಪ್ರಯಾಣಿಕರು ಕುಳಿತ ಗಾಡಿಯ ಅಡಿಯಲ್ಲಿಯೇ ಮೋಟಾರುಗಳಿರುತ್ತವೆ. ಎರಡು ತುದಿಗಳಲ್ಲಿಯೂ ಚಾಲಕನ ಕೋಣೆಗಳಿರುವುದರಿಂದ ಕೊನೆಯ ನಿಲ್ದಾಣದಲ್ಲಿ ಎಂಜಿನ್ನನ್ನು ತಿರುಗಿಸುವ ಕೆಲಸವಿಲ್ಲ.

ಇದೆಲ್ಲವೂ ಪರದೇಶದ ಮಾತೆಂದು ನೀವು ತಿಳಿಯಬಾರದು. ಶಿವನಸಮುದ್ರದ ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳಿಗೆ 1902ರಲ್ಲಿಯೇ ವಿದ್ಯುತ್ತು ಹರಿದು ಬಂದಿತು. ಭಾರತದ ಮೊದಲ ವಿದ್ಯುತ್ ರೈಲು ಮುಂಬಯಿಯಲ್ಲಿ ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾದವರೆಗೆ ಓಡಿದುದು 1925ರ ಫೆಬ್ರವರಿ 3ರಂದು. ನಮಗೆ ಇನ್ನೂ ಸಮೀಪವಾದ ಮದರಾಸಿನಲ್ಲಿ ಬೀಚ್ ನಿಲ್ದಾಣಕ್ಕೂ ತಾಂಬರಂಗೂ ನಡುವೆ ಮೀಟರ್ ಗೇಜಿನ ವಿದ್ಯುತ್ ರೈಲುಗಳು 1931ರಲ್ಲಿ ಆರಂಭವಾದವು. ಕೋಲಾರದ ಕಡೆಯಿಂದ ಮದರಾಸಿಗೆ ಹೋಗಿ ಬಂದ ಹಿರಿಯರಲ್ಲಿ ಅವುಗಳನ್ನು ಹತ್ತಿದವರು ಹಲವರು. ಆ ಮಾರ್ಗದಲ್ಲಿ ಮೀಟರ್ ಗೇಜಿನ ಸಂಚಾರವು 2004ರಲ್ಲಿ ನಿಂತಿತು. ಇಂದು ಮಾರಿಕುಪ್ಪಂನಿಂದ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಹೋಗುವ ವಿದ್ಯುತ್ ರೈಲು ಅದೇ ಕುಲಕ್ಕೆ ಸೇರಿದುದು. ಅದಕ್ಕೂ ಪ್ರತ್ಯೇಕ ಎಂಜಿನ್ನಿಲ್ಲ.

ಇನ್ನು ಅಳತೆಯ ವಿಚಾರ. ಬ್ರಿಟನ್ನಿನಲ್ಲಿ ಬಹುಮಂದಿ ಹವ್ಯಾಸಿಗಳು ಒಪ್ಪಿಕೊಂಡಿರುವ ಪ್ರಮಾಣವು ಮೂಲದ ಒಂದು ಅಡಿಗೆ ಮಾದರಿಯಲ್ಲಿ 4 ಮಿಲಿಮೀಟರು; ಅಂದರೆ ಮೂಲದ 76.2ರಲ್ಲಿ ಒಂದು ಪಾಲು. ಅರವತ್ತು ಅಡಿಯ ಗಾಡಿ 240 ಮಿಲಿಮೀಟರು, ಆರು ಅಡಿಯ ಬಾಗಿಲು 24 ಮಿಲಿಮೀಟರು, ಐದೂವರೆ ಅಡಿಯ ಮನುಷ್ಯ 22 ಮಿಲಿಮೀಟರು ಆಗುತ್ತಾನೆ. ಇಲ್ಲಿಯವರೆಗೆ ಎಲ್ಲವೂ ಸರಿ. ಆದರೆ ಬ್ರಿಟನ್ನಿನ ಹಳಿಗಳ ನಡುವಣ ಅಂತರ 4 ಅಡಿ 8½ ಅಂಗುಲ. ಇದೇ ಲೆಕ್ಕದಲ್ಲಿ ಮಾದರಿಯ ಹಳಿಗಳ ಅಂತರವು ಸುಮಾರು 18.83 ಮಿಲಿಮೀಟರು ಇರಬೇಕು. ಅಂಗಡಿಯಲ್ಲಿ ದೊರೆಯುವ ಹಳಿಯಾದರೋ 16.5 ಮಿಲಿಮೀಟರಿನದು! ಹಿಂದಿರುಗಿಸಿ ಲೆಕ್ಕ ಹಾಕಿದರೆ ಅದು 4 ಅಡಿ 1½ ಅಂಗುಲವಾಗುತ್ತದೆ; ಏಳು ಅಂಗುಲ ಕೊರತೆ.

ಈ ಕೊರತೆಗೆ ಕಾರಣವುಂಟು. 16.5 ಮಿಲಿಮೀಟರಿನ ಹಳಿಯು ಅಡಿಗೆ 3.5 ಮಿಲಿಮೀಟರಿನ ಪ್ರಮಾಣಕ್ಕೆ ಒಪ್ಪುವಂತಹುದು. ಬ್ರಿಟನ್ನಿನ ಸುರಂಗಗಳೂ ಸೇತುವೆಗಳೂ ಇಕ್ಕಟ್ಟಾದುದರಿಂದ ಅಲ್ಲಿನ ಗಾಡಿಗಳು ಯೂರೋಪಿನ ಗಾಡಿಗಳಿಗಿಂತ ಕಿರಿದಾದುವು. ಆ ಚಿಕ್ಕ ಪ್ರಮಾಣದಲ್ಲಿ ಮಾಡಿದ ಮೈಯೊಳಗೆ ಅಂದಿನ ಮೋಟಾರು ಹಿಡಿಸಲಿಲ್ಲ. ಆಗ ತಯಾರಕರು ಮೈಯನ್ನು ದೊಡ್ಡದು ಮಾಡಿ ಹಳಿಯನ್ನು ಹಾಗೆಯೇ ಬಿಟ್ಟರು. 1938ರಲ್ಲಿ ಲಿವರ್‌ಪೂಲಿನ ಮೆಕ್ಯಾನೋ ಕಾರ್ಖಾನೆಯಿಂದ ಹೊರಬಂದ ಹಾರ್ನ್‌ಬಿ ಡಬ್ಲೋ ಎಂಬ ರೈಲುಗಳು ಈ ಕ್ರಮವನ್ನು ಮನೆಮನೆಗೆ ಒಯ್ದವು. ಇದನ್ನು ಸಹಿಸದ ಕೆಲವರು ಮೊದಲು ಅಂತರವನ್ನು 18 ಮಿಲಿಮೀಟರಿಗೆ ಏರಿಸಿದರು. ಮತ್ತೆ ಕೆಲವರು 18.83ಕ್ಕೇ ನಿಂತು, ಹಳಿ ಗಾಲಿಗಳನ್ನೆಲ್ಲ ಆ ಅಳತೆಗೆ ಕೂಡಿಸಿಕೊಳ್ಳುವ ಶ್ರಮವನ್ನು ಕೈಕೊಂಡರು. 16.5ರ ಹಳಿಯನ್ನು ಬಳಸುವವನು ಅಪರಾಧಿಯಲ್ಲ. ಆದರೆ ತನ್ನ ಕೃತಿಯಲ್ಲಿ ಎಲ್ಲಿ ಎಷ್ಟು ಕೊರತೆಯಿದೆಯೆಂಬುದನ್ನು ಅವನು ಅರಿತಿರಬೇಕು, ಕೇಳಿದವರಿಗೆ ಹೇಳಬೇಕು. ಅರಿತು ಒಪ್ಪಿಕೊಂಡ ಕೊರತೆ ಬೇರೆ. ಅರಿಯದೆ ಮಾಡಿದ ತಪ್ಪು ಬೇರೆ. ಅರಿತೂ ಮುಚ್ಚಿಟ್ಟ ತಪ್ಪು ಇನ್ನೂ ಬೇರೆ.

ರಚನೆಯ ಕ್ರಮವನ್ನು ಸಂಗ್ರಹವಾಗಿ ಹೇಳುತ್ತೇನೆ. ಮೊದಲು ಮೂಲದ ನಕ್ಷೆ ಮತ್ತು ಛಾಯಾಚಿತ್ರಗಳನ್ನು ಕೂಡಿಸಿ ಅಳತೆಗಳ ಪಟ್ಟಿಯನ್ನು ಬರೆಯಬೇಕು. ಬಳಿಕ ಪಕ್ಕದ ಗೋಡೆಗಳನ್ನು ರಟ್ಟಿನಲ್ಲೋ, ಪ್ಲಾಸ್ಟಿಕ್ ಹಾಳೆಯಲ್ಲೋ, ತೆಳುವಾದ ಹಿತ್ತಾಳೆಯ ತಗಡಿನಲ್ಲೋ ಕತ್ತರಿಸಬೇಕು. ಕಿಟಕಿಗಳನ್ನು ಗೋಡೆಯು ಚಪ್ಪಟೆಯಾಗಿರುವಾಗಲೇ ಕೊರೆಯಬೇಕು. ಜೋಡಿಸಿದ ಮೇಲೆ ಕೊರೆಯ ಹೊರಟರೆ ಮೂಲೆ ಬಿರಿಯುತ್ತದೆ. ನೆಲಗಟ್ಟು, ತುದಿಗೋಡೆ, ಛಾವಣಿ ಈ ಅನುಕ್ರಮದಲ್ಲಿ ಜೋಡಿಸಿ, ನಾಲ್ಕು ಮೂಲೆಗಳೂ ಲಂಬವಾಗಿವೆಯೇ ಎಂದು ಮೂಲೆಮಟ್ಟದಿಂದ ಪರೀಕ್ಷಿಸಬೇಕು. ಒಳಗಿನ ಆಸನಗಳನ್ನೂ ಬಣ್ಣವನ್ನೂ ಮುಗಿಸಿದ ಮೇಲೆಯೇ ಕಿಟಕಿಗೆ ಪಾರದರ್ಶಕ ಹಾಳೆ. ಮೋಟಾರನ್ನು ಕಿಟಕಿಯಲ್ಲಿ ಕಾಣದಂತೆ ನೆಲಗಟ್ಟಿನ ಕೆಳಗೋ ಸಾಮಾನಿನ ಕೋಣೆಯಲ್ಲೋ ಅಡಗಿಸಬೇಕು. ಸದರ್ನ್ ರೈಲ್ವೆಯ ಮೂರನೆಯ ಹಳಿಯಲ್ಲಿ ಹರಿಯುತ್ತಿದ್ದುದು 660 ವೋಲ್ಟ್. ಮಾದರಿಗೆ 12 ವೋಲ್ಟಿನ ಏಕಮುಖ ವಿದ್ಯುತ್ತು ಸಾಕು, ಅದೂ ಸಾಮಾನ್ಯವಾಗಿ ಗಾಲಿಗಳು ಉರುಳುವ ಎರಡು ಹಳಿಗಳಿಂದಲೇ ಬರುತ್ತದೆ. ಪಕ್ಕದ ಮೂರನೆಯ ಹಳಿಯು ಮಾದರಿಯಲ್ಲಿ ಬರಿಯ ತೋರಿಕೆ. ಮನೆಯ ವಿದ್ಯುತ್ತನ್ನು ನೇರವಾಗಿ ಹಳಿಗೆ ಜೋಡಿಸುವುದು ಪ್ರಾಣಕ್ಕೆ ಅಪಾಯ; ಎಳೆಯರು ಇದನ್ನು ಮರೆಯಕೂಡದು.

ಅಳತೆಯಷ್ಟೇ ಕಾಲವೂ ಮುಖ್ಯ. ಸದರ್ನ್ ರೈಲ್ವೆಯ ಹಳೆಯ ವಿದ್ಯುತ್ ಗಾಡಿಗಳಲ್ಲಿ ಹಲವು ಹೊಸದಾಗಿ ಕಟ್ಟಿದವಲ್ಲ. ಉಗಿಬಂಡಿಯ ಕಾಲದ ಮರದ ಮೈಗಳನ್ನು ಬೆಸೆದು, ಹೊಸ ಅಡಿಗಟ್ಟಿನ ಮೇಲೆ ಕೂರಿಸಿದುವು. ಅವುಗಳ ಮುಖದ ಮೇಲೆ ಮಾರ್ಗವನ್ನು ಸೂಚಿಸುವ ಒಂದು ಅಕ್ಷರವೋ ಅಂಕೆಯೋ ಇರುತ್ತಿತ್ತು. ಮಾದರಿಕಾರನು ಅಕ್ಷರ ತಪ್ಪಿದರೆ ರೈಲು ಬೇರೆ ಊರಿಗೆ ಹೋಗುತ್ತದೆ! ಇನ್ನೊಂದು ನಿದರ್ಶನ: ಲಂಡನ್ನಿನಿಂದ ಬ್ರೈಟನ್ನಿಗೆ 1933ರ ಜನವರಿ 1ರಂದು ವಿದ್ಯುತ್ ಸಂಚಾರ ಆರಂಭವಾದಾಗ ಐದೈದು ಗಾಡಿಗಳ ಮೂರು ವೈಭವದ ತಂಡಗಳನ್ನು ಕಟ್ಟಲಾಯಿತು. ಮೊದಲು 'ಸದರ್ನ್ ಬೆಲ್' ಎನಿಸಿದ್ದ ಆ ರೈಲಿಗೆ 1934ರಲ್ಲಿ 'ಬ್ರೈಟನ್ ಬೆಲ್' ಎಂದು ಹೆಸರಾಯಿತು. ಬಹುಕಾಲ ಕಂದು ಹಾಗೂ ಕೆನೆಯ ಬಣ್ಣದಲ್ಲಿದ್ದ ಅದು ಕಡೆಯ ವರ್ಷಗಳಲ್ಲಿ ನೀಲಿ ಹಾಗೂ ಬೂದು ಬಣ್ಣವನ್ನು ತಳೆದು, 1972ರ ಏಪ್ರಿಲ್ 30ರಂದು ಕಡೆಯ ಬಾರಿ ಓಡಿತು. ಕಂದುಬಣ್ಣದ ಗಾಡಿಗೆ 1970ರ ನಿಲ್ದಾಣವನ್ನು ಜೋಡಿಸಿದರೆ ಪ್ರತಿಯೊಂದು ಅಳತೆ ಸರಿಯಿದ್ದರೂ ಒಟ್ಟು ಚಿತ್ರ ಸುಳ್ಳಾಗುತ್ತದೆ. ಶಾಸನದ ಕಾಲವನ್ನು ಲಿಪಿಯಿಂದ ನಿರ್ಣಯಿಸುವ ವಿದ್ವಾಂಸನ ಎಚ್ಚರವೇ ಮಾದರಿಕಾರನಿಗೂ ಬೇಕು.

ಅನುಪಾತಕ್ಕೂ ಒಂದು ಮಿತಿಯುಂಟೆಂಬುದನ್ನು ಇಲ್ಲಿಯೇ ಹೇಳಬೇಕು. ಉದ್ದ, ಅಗಲ, ಎತ್ತರ ಮೂರೂ 76.2ರಲ್ಲಿ ಒಂದು ಪಾಲಾದಾಗ ಗಾತ್ರವು ಸುಮಾರು ನಾಲ್ಕು ಲಕ್ಷ ನಲವತ್ತೆರಡು ಸಾವಿರದಲ್ಲಿ ಒಂದು ಪಾಲಾಗುತ್ತದೆ. 40 ಟನ್ನಿನ ಗಾಡಿಯ ಮಾದರಿಯು ಈ ಲೆಕ್ಕದಲ್ಲಿ 90 ಗ್ರಾಂ ತೂಗಬೇಕು. ಗಂಟೆಗೆ 60 ಮೈಲಿ ಓಡುವ ರೈಲು ಮೇಜಿನ ಮೇಲೆ ಸೆಕೆಂಡಿಗೆ 35 ಸೆಂಟಿಮೀಟರು ಮಾತ್ರ ಚಲಿಸಬೇಕು. ಮಕ್ಕಳು ಓಡಿಸುವ ವೇಗದಲ್ಲಿ ಬಿಟ್ಟರೆ ಅದು ವಿಮಾನವನ್ನೂ ಮೀರಿಸೀತು. ಕಾಲವನ್ನೂ ಭೂಮಿಯ ಸೆಳೆತವನ್ನೂ ನಾವು ಕಿರಿದು ಮಾಡಲಾರೆವು. ಆದುದರಿಂದ ಯಾವ ಪ್ರತಿಕೃತಿಯೂ ಪೂರ್ಣಸತ್ಯವಲ್ಲ; ತಾನು ಹೇಳಲು ಹೊರಟ ಅಂಶದಲ್ಲಿ ಅದು ಸತ್ಯವಾಗಿದ್ದರೆ ಸಾಕು.

ಇಷ್ಟು ದೂರ ಬ್ರಿಟನ್ನನ್ನು ಸುತ್ತಿ ಬಂದುದು ನಮ್ಮ ಊರಿಗೆ ಮರಳುವುದಕ್ಕಾಗಿ. ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಕಿರಿಯ ಗೇಜಿನ ರೈಲು ಬಂದಿತು. ಮುಂದೆ ಅದು ಶ್ರೀನಿವಾಸಪುರ, ಚಿಂತಾಮಣಿಗಳ ಮೂಲಕ ಚಿಕ್ಕಬಳ್ಳಾಪುರದವರೆಗೆ ಬೆಳೆಯಿತು. ಅದರ ಹಳಿಗಳ ಅಂತರ 2 ಅಡಿ 6 ಅಂಗುಲ. ಆ ಹಳಿಗಳು ಇಂದು ಇಲ್ಲ. ಕೋಲಾರದಿಂದ ಚಿಕ್ಕಬಳ್ಳಾಪುರದವರೆಗಿನ ಭಾಗವೂ 2013ರಲ್ಲಿ ಅಗಲಗೇಜಾಗಿ ತೆರೆಯಿತು. ಅಗಲಗೇಜು ನಾಡಿಗೆ ಒಳಿತೇ. ಅದನ್ನು ಕುರಿತು ದುಃಖಿಸಬೇಕಾಗಿಲ್ಲ. ದುಃಖಿಸಬೇಕಾದುದು ಬೇರೊಂದು. ಬ್ರೈಟನ್ನಿನ ರೈಲಿನ ಬಾಗಿಲ ಅಳತೆಯನ್ನು ಜಗತ್ತಿನ ಯಾವ ಮೂಲೆಯ ಹುಡುಗನೂ ಇಂದು ತಿಳಿಯಬಲ್ಲ. ಸುಗಟೂರಿನ ಸುತ್ತಲಿನ ಅಜ್ಜಂದಿರು ಹತ್ತಿ ಇಳಿದ ಗಾಡಿಯ ಮೆಟ್ಟಿಲು ನೆಲದಿಂದ ಎಷ್ಟು ಎತ್ತರದಲ್ಲಿತ್ತೆಂದು ನಮ್ಮ ತರಗತಿಯಲ್ಲಿ ಕೇಳಿದಾಗ ಒಬ್ಬರೂ ಹೇಳಲಿಲ್ಲ. ನಾನೂ ಹೇಳಲಾರದೆ ಹೋದೆ.

ವಿಚಿತ್ರವೆಂದರೆ ಲೆಕ್ಕವು ನಮಗೆ ಅನುಕೂಲವಾಗಿಯೇ ಇದೆ. ಅಡಿಗೆ 4 ಮಿಲಿಮೀಟರಿನ ಪ್ರಮಾಣದಲ್ಲಿ ಬ್ರಿಟನ್ನಿನ ಹಳಿಯು ಪೇಚಿಗೆ ಸಿಕ್ಕಿಸಿದರೆ, ಕೋಲಾರದ ಎರಡೂವರೆ ಅಡಿಯ ಗೇಜು ಸರಿಯಾಗಿ 10 ಮಿಲಿಮೀಟರು ಆಗುತ್ತದೆ. ನಮ್ಮ ಐದೂವರೆ ಅಡಿಯ ಅಗಲಗೇಜು ಸರಿಯಾಗಿ 22 ಮಿಲಿಮೀಟರು. ಭಿನ್ನರಾಶಿಯ ತೊಡಕೇ ಇಲ್ಲ. ಐದನೆಯ ತರಗತಿಯ ಮಗುವೂ ಅಳತೆಪಟ್ಟಿಯನ್ನು ಹಿಡಿದು ಗೆರೆ ಎಳೆಯಬಹುದು.

ಆ ಬಾಲಕನ ವಿಚಾರವನ್ನು ಹೇಳಿ ಮುಗಿಸುತ್ತೇನೆ. ಅವನು ಗಾಡಿಯನ್ನು ಮನೆಗೆ ಒಯ್ದು, ಪಕ್ಕದ ಗೋಡೆಗಳನ್ನು ಕಿತ್ತು, ಹೊಸದಾಗಿ ಕತ್ತರಿಸಿ ತಂದನು. ಬಾಗಿಲು 24 ಮಿಲಿಮೀಟರು ಇತ್ತು. ಬಣ್ಣವು ಮೊದಲಿನಷ್ಟು ನಯವಾಗಿರಲಿಲ್ಲ. ಆದರೆ ಗಾಡಿಯ ಕೆಳಗೆ ಒಂದು ಚೀಟಿಯನ್ನು ಅಂಟಿಸಿದ್ದನು: ಪ್ರಮಾಣ ಅಡಿಗೆ 4 ಮಿಲಿಮೀಟರು, ಉದ್ದವು ಊಹೆ, ಗಾಲಿಗಳು ಅಳತೆಗೆ ಸರಿಯಿಲ್ಲ. ಬಹುಮಾನವು ಅವನಿಗೆ ಬರಲಿಲ್ಲ. ಪ್ರದರ್ಶನವು ಅಷ್ಟರಲ್ಲಿ ಮುಗಿದುಹೋಗಿತ್ತು. ನನ್ನ ದೃಷ್ಟಿಯಲ್ಲಿ ಆ ಚೀಟಿಯೇ ಪ್ರಮಾಣವಚನ.

ಆದುದರಿಂದ, ವಿದ್ಯಾರ್ಥಿಮಿತ್ರರೇ, ಈ ರಜೆಯಲ್ಲಿ ನಿಮ್ಮ ಮನೆಯ ಹಿರಿಯರ ಬಳಿ ಕುಳಿತುಕೊಳ್ಳಿರಿ. ಕೋಲಾರದ ಹಳೆಯ ರೈಲಿನಲ್ಲಿ ಆಸನಗಳು ಹೇಗಿದ್ದವು, ಬಾಗಿಲು ಯಾವ ಕಡೆ ತೆರೆಯುತ್ತಿತ್ತು, ಕಿಟಕಿಗೆ ಸರಳುಗಳಿದ್ದವೇ, ಬಣ್ಣ ಯಾವುದು ಎಂದು ಕೇಳಿ ಬರೆದುಕೊಳ್ಳಿರಿ. ಇಬ್ಬರು ಹೇಳಿದ್ದು ಬೇರೆಬೇರೆಯಾದರೆ ಎರಡನ್ನೂ ಬರೆಯಿರಿ. ಮನೆಯಲ್ಲಿ ಹಳೆಯ ಛಾಯಾಚಿತ್ರವಿದ್ದರೆ ತನ್ನಿರಿ. 1979ರಲ್ಲಿ ಸ್ಥಾಪಿತವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಪ್ರವಾಸ ಹೋದಾಗ ಹಳೆಯ ಗಾಡಿಗಳ ಮುಂದೆ ಚಿತ್ರ ತೆಗೆಯುವುದರ ಜೊತೆಗೆ ಅವುಗಳ ಅಳತೆಯನ್ನೂ ಕೇಳಿ ತಿಳಿಯಿರಿ. ಬಳಿಕ ರಟ್ಟು, ಕತ್ತರಿ, ಅಳತೆಪಟ್ಟಿಗಳನ್ನು ಹಿಡಿಯಿರಿ. ಮೊದಲ ಗೆರೆ 10 ಮಿಲಿಮೀಟರಿನದಾಗಿರಲಿ.