ತಪ್ಪಿದ ಕಿಡಿ

ಮಳೆಗಾಲದ ಒಂದು ಮುಂಜಾನೆ ಗೃಹಸ್ಥನೊಬ್ಬನು ತನ್ನ ವೃದ್ಧ ತಾಯಿಯನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಲೆಂದು ಕಾರನ್ನು ಚಾಲೂ ಮಾಡಿದನು. ಎಂಜಿನ್ನು ಎಂದಿನ ಲಯದಲ್ಲಿ ಓಡಲಿಲ್ಲ, ಕುಂಟನಂತೆ ತಡವರಿಸಿತು. ಗಾಡಿಯೆಲ್ಲ ನಡುಗಿತು. ಚಾಲಕನ ಮುಂದಿನ ಫಲಕದಲ್ಲಿ ಹಳದಿ ದೀಪವೊಂದು ಮಿನುಗತೊಡಗಿತು. ಇಂಥ ಸ್ಥಿತಿಯನ್ನು ಗ್ಯಾರೇಜಿನವರು ‘ಗಾಡಿ ಮಿಸ್ಸಿಂಗ್ ಹೊಡೆಯುತ್ತಿದೆ’ ಎನ್ನುತ್ತಾರೆ. ಗೃಹಸ್ಥನು ಎಂಜಿನ್ನನ್ನು ನಿಲ್ಲಿಸಿ, ತಾಯಿಯನ್ನು ಆಟೋರಿಕ್ಷಾದಲ್ಲಿ ಕರೆದೊಯ್ದನು. ಅವನು ಮಾಡಿದ್ದು ಸರಿಯಾಗಿತ್ತು. ಅದೇಕೆಂಬುದನ್ನು ತಿಳಿಯಬೇಕಾದರೆ ಎಂಜಿನ್ನಿನ ಒಳಗೆ ನಡೆಯುವ ಕ್ರಿಯೆಯನ್ನು ಮೊದಲು ಅರಿಯಬೇಕು.

1876ರಲ್ಲಿ ಜರ್ಮನಿಯ ನಿಕೊಲಾಸ್ ಆಟೊ ನಿರ್ಮಿಸಿದ ನಾಲ್ಕು ಹಂತಗಳ ಎಂಜಿನ್ನಿನ ತತ್ತ್ವವೇ ಇಂದಿನ ಪೆಟ್ರೋಲ್ ಕಾರುಗಳಿಗೂ ಆಧಾರವಾಗಿದೆ. ಮೊದಲನೆಯ ಹಂತದಲ್ಲಿ ಸಿಲಿಂಡರಿನೊಳಕ್ಕೆ ಗಾಳಿ ಮತ್ತು ಪೆಟ್ರೋಲು ಸೇರುತ್ತವೆ. ಎರಡನೆಯ ಹಂತದಲ್ಲಿ ಪಿಸ್ಟನ್ನು ಆ ಮಿಶ್ರಣವನ್ನು ಬಲವಾಗಿ ಒತ್ತುತ್ತದೆ. ಆಗ ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಿ ಮಿಶ್ರಣ ಹೊತ್ತಿಕೊಳ್ಳುತ್ತದೆ. ಮೂರನೆಯ ಹಂತದಲ್ಲಿ ಉರಿದ ಅನಿಲವು ಹಿಗ್ಗಿ ಪಿಸ್ಟನ್ನನ್ನು ತಳ್ಳುತ್ತದೆ. ನಾಲ್ಕನೆಯದರಲ್ಲಿ ಹೊರಗೆ ಹೋಗುತ್ತದೆ. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರಿನಲ್ಲಿಯೂ ಸೆಕೆಂಡಿಗೆ 25 ಬಾರಿ ಕಿಡಿ ಹಾರಬೇಕು. ಬ್ಯಾಟರಿಯ 12 ವೋಲ್ಟ್ ವಿದ್ಯುತ್ತನ್ನು ಇದಕ್ಕಾಗಿ ಹತ್ತಾರು ಸಾವಿರ ವೋಲ್ಟುಗಳಿಗೆ ಏರಿಸುವ ಸಾಧನವೇ ಕಾಯಿಲ್.

ಹೀಗೆ ಪ್ರತಿಯೊಂದು ಸಿಲಿಂಡರಿಗೂ ಕಿಡಿ, ತಕ್ಕ ಪ್ರಮಾಣದ ಗಾಳಿ-ಪೆಟ್ರೋಲು, ಸಾಕಷ್ಟು ಒತ್ತಡ ಎಂಬ ಮೂರು ಬೇಕು. ಒಲೆಯ ಮೂರು ಕಲ್ಲುಗಳಲ್ಲಿ ಒಂದು ಜಾರಿದರೂ ಮಡಕೆ ಉರುಳುವಂತೆ, ಇವುಗಳಲ್ಲಿ ಒಂದು ತಪ್ಪಿದರೂ ಆ ಸಿಲಿಂಡರು ದುಡಿಯುವುದಿಲ್ಲ. ಅದರಲ್ಲಿ ಉರಿಯದೆ ಉಳಿದ ಪೆಟ್ರೋಲು ಹೊಗೆಕೊಳವೆಯನ್ನು ಸೇರಿ, ಅಲ್ಲಿರುವ ಹೊಗೆಶೋಧಕದಲ್ಲಿ ಉರಿಯುತ್ತದೆ. ‘ಕ್ಯಾಟಲಿಟಿಕ್ ಕನ್ವರ್ಟರ್’ ಎಂಬ ಈ ಶೋಧಕದಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂಗಳಂಥ ಬೆಲೆಬಾಳುವ ಲೋಹಗಳಿರುತ್ತವೆ. ಅತಿಯಾದ ಶಾಖಕ್ಕೆ ಸಿಕ್ಕಿ ಅದು ಹಾಳಾಗುತ್ತದೆ. ಒಂದು ಪ್ಲಗ್ಗಿನ ದೋಷವನ್ನು ಅಲಕ್ಷಿಸಿದವರು ಅದಕ್ಕಿಂತ ಅನೇಕ ಪಟ್ಟು ಬೆಲೆಯ ಭಾಗವನ್ನು ಕಳೆದುಕೊಳ್ಳುವುದು ಹೀಗೆ. ಮಿನುಗುವ ದೀಪವು ಕೊಡುವ ಎಚ್ಚರಿಕೆಯೂ ಇದೇ.

ಸಂಜೆ ಗೃಹಸ್ಥನೂ ಪ್ರೌಢಶಾಲೆಯಲ್ಲಿ ಓದುತ್ತಿದ್ದ ಅವನ ಮಗಳೂ ಪರೀಕ್ಷೆಗೆ ತೊಡಗಿದರು. ಕಾರು ತನ್ನ ದೋಷವನ್ನು ತಾನೇ ಸಂಕೇತದ ಮೂಲಕ ತಿಳಿಸುವ ವ್ಯವಸ್ಥೆಯನ್ನು ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಕಡ್ಡಾಯಗೊಳಿಸಲಾಯಿತು. ಅನಂತರ ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ಅದು ಬಳಕೆಗೆ ಬಂದಿತು. ಸ್ಟಿಯರಿಂಗಿನ ಕೆಳಗಿನ ಕಿಂಡಿಗೆ ಸ್ಕ್ಯಾನರ್ ಎಂಬ ಚಿಕ್ಕ ಉಪಕರಣವನ್ನು ಜೋಡಿಸಿದಾಗ ‘ಪಿ 0302’ ಎಂಬ ಸಂಕೇತ ಕಾಣಿಸಿತು. ಎರಡನೆಯ ಸಿಲಿಂಡರಿನಲ್ಲಿ ಉರಿ ತಪ್ಪುತ್ತಿದೆ ಎಂಬುದು ಇದರ ಅರ್ಥ. ಆದರೆ ಸಂಕೇತವು ರೋಗದ ಸ್ಥಳವನ್ನು ತೋರಿಸುತ್ತದೆಯೇ ಹೊರತು ಕಾರಣವನ್ನು ಹೇಳುವುದಿಲ್ಲ.

ಎಂಜಿನ್ನು ತಣ್ಣಗಿದ್ದಾಗ ಅವರು ಮೊದಲು ಕಣ್ಣಿನಿಂದಲೇ ಎಲ್ಲವನ್ನೂ ಪರಿಶೀಲಿಸಿದರು. ಇಲಿ ಕಡಿದ ತಂತಿ, ಸಡಿಲವಾದ ಜೋಡಣೆ, ಕಳಚಿದ ರಬ್ಬರ್ ಕೊಳವೆ ಇವು ಅನೇಕ ವೇಳೆ ದೋಷದ ಮೂಲವಾಗಿರುತ್ತವೆ. ಅಂಥದೇನೂ ಕಾಣಲಿಲ್ಲ. “ಕಾಯಿಲ್ ಕೆಟ್ಟಿರಬೇಕು, ನಾಲ್ಕನ್ನೂ ಬದಲಿಸಿಬಿಡೋಣ” ಎಂದು ತಂದೆ ಹೇಳಿದನು.

“ಕೆಟ್ಟಿದೆಯೆಂದು ಹೇಗೆ ಗೊತ್ತು, ಅಪ್ಪಾ? ಎರಡನೆಯ ಕಾಯಿಲನ್ನು ಮೂರನೆಯದರ ಜಾಗಕ್ಕೆ ಹಾಕಿ ನೋಡೋಣ. ದೋಷವೂ ಅದರ ಜೊತೆಗೆ ಹೋದರೆ ಕಾಯಿಲೇ ಕಾರಣ, ಹೋಗದಿದ್ದರೆ ಅದು ನಿರಪರಾಧಿ” ಎಂದಳು ಮಗಳು.

ಅವರು ಹಾಗೆಯೇ ಮಾಡಿ, ಹಳೆಯ ಸಂಕೇತವನ್ನು ಅಳಿಸಿ, ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿದರು. ಮತ್ತೆ ‘ಪಿ 0302’ ಎಂದೇ ಬಂದಿತು. ಕಾಯಿಲಿನಲ್ಲಿ ದೋಷವಿರಲಿಲ್ಲ. ಎಂಜಿನ್ನು ಆರಿದ ಬಳಿಕ ಎರಡನೆಯ ಪ್ಲಗ್ಗನ್ನು ಬಿಚ್ಚಿದರು. ಹಿಂದಿನ ಕಾಲದ ವೈದ್ಯರು ರೋಗಿಯ ನಾಲಿಗೆಯನ್ನು ನೋಡಿ ದೇಹಸ್ಥಿತಿಯನ್ನು ಊಹಿಸುತ್ತಿದ್ದಂತೆ, ಪ್ಲಗ್ಗಿನ ತುದಿಯಿಂದ ಸಿಲಿಂಡರಿನ ಸ್ಥಿತಿಯನ್ನು ತಿಳಿಯಬಹುದು. ತಿಳಿ ಕಂದು ಅಥವಾ ಬೂದುಬಣ್ಣ ಆರೋಗ್ಯದ ಲಕ್ಷಣ. ಒಣ ಕಪ್ಪು ಮಸಿ ಪೆಟ್ರೋಲು ಹೆಚ್ಚಾಗಿರುವುದನ್ನೂ, ಎಣ್ಣೆಯ ಜಿಡ್ಡು ಎಂಜಿನ್ ಆಯಿಲ್ ಒಳಗೆ ಸೇರುತ್ತಿರುವುದನ್ನೂ ಸೂಚಿಸುತ್ತದೆ. ಈ ಪ್ಲಗ್ಗಿನ ತುದಿ ಪೆಟ್ರೋಲಿನಿಂದ ತೊಯ್ದಿತ್ತು. ಬಿಳಿಯ ಪಿಂಗಾಣಿಯ ಮೇಲೆ ಕೂದಲೆಳೆಯಷ್ಟು ಸಣ್ಣ ಕಪ್ಪುಗೆರೆ ಇತ್ತು. ವಿದ್ಯುತ್ತು ತುದಿಯನ್ನು ತಲುಪದೆ ಆ ಬಿರುಕಿನ ಮೂಲಕ ಸೋರಿಹೋಗುತ್ತಿತ್ತು. ಖಚಿತಪಡಿಸಿಕೊಳ್ಳಲು ಅದನ್ನು ಮೂರನೆಯ ಸಿಲಿಂಡರಿಗೆ ಹಾಕಿದಾಗ ಸಂಕೇತವು ‘ಪಿ 0303’ ಎಂದು ಬದಲಾಯಿತು. ಕಾರಣ ಸಿಕ್ಕಿತು.

ನಾಲ್ಕು ಪ್ಲಗ್ಗುಗಳೂ ಸಮಾನವಾಗಿ ಸವೆದಿದ್ದುದರಿಂದ ನಾಲ್ಕನ್ನೂ ಬದಲಿಸಲಾಯಿತು. ತುದಿಯ ಅಂತರವನ್ನು ಕಾರಿನ ಕೈಪಿಡಿಯಲ್ಲಿ ಹೇಳಿದ ಅಳತೆಗೆ ಹೋಲಿಸಿ, ಮರೆಗಳು ಕೆಡದಂತೆ ಮೊದಲು ಕೈಯಿಂದಲೇ ತಿರುಗಿಸಿ ಕೂರಿಸಿ, ಕೊನೆಗೆ ಪಾನಾದಿಂದ ಹದವಾಗಿ ಬಿಗಿಯಲಾಯಿತು. ಕಾಯಿಲುಗಳಿಗೆಂದು ವ್ಯರ್ಥವಾಗಿ ಖರ್ಚಾಗಲಿದ್ದ ಹಣ ಉಳಿಯಿತು.

ಪ್ಲಗ್ಗೂ ಸರಿಯಿದ್ದಿದ್ದರೆ, ಪೆಟ್ರೋಲನ್ನು ಸಿಂಪಡಿಸುವ ಇಂಜೆಕ್ಟರನ್ನು ಪರೀಕ್ಷಿಸಬೇಕಾಗುತ್ತಿತ್ತು. ಅದೂ ಸರಿಯಿದ್ದರೆ ಸಿಲಿಂಡರಿನ ಒತ್ತಡವನ್ನು ಅಳೆಯಬೇಕಾಗುತ್ತಿತ್ತು. ಒತ್ತಡ ಕಡಿಮೆಯಿದ್ದರೆ ಕವಾಟ ಸುಟ್ಟಿರಬಹುದು, ಇಲ್ಲವೆ ಪಿಸ್ಟನ್ನಿನ ಬಳೆಗಳು ಸವೆದಿರಬಹುದು. ಅಂಥ ದುರಸ್ತಿ ಮನೆಯ ಅಂಗಳದಲ್ಲಿ ಆಗತಕ್ಕದ್ದಲ್ಲ. ನುರಿತ ಮೆಕ್ಯಾನಿಕ್ಕನಿಗೆ ಒಪ್ಪಿಸುವುದೇ ವಿವೇಕ.

ಈ ಕೆಲಸದಲ್ಲಿ ಎಚ್ಚರಿಕೆ ಅತ್ಯಗತ್ಯ. ಮುಚ್ಚಿದ ಕೊಠಡಿಯಲ್ಲಿ ಎಂಜಿನ್ನನ್ನು ಓಡಿಸಿದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡು ಪ್ರಾಣವನ್ನೇ ತೆಗೆಯಬಲ್ಲದು. ಪಂಚೆಯ ಅಂಚು, ಸೆರಗು, ಜಡೆ ಇವು ತಿರುಗುವ ಬೆಲ್ಟಿನ ಬಳಿ ಸುಳಿಯಬಾರದು. ಓಡುತ್ತಿರುವ ಎಂಜಿನ್ನಿನ ಕಾಯಿಲನ್ನು ಮುಟ್ಟಬಾರದು. ಹತ್ತಿರದಲ್ಲಿ ಬೆಂಕಿ ಇರಕೂಡದು. ವಿದ್ಯಾರ್ಥಿಗಳು ಹಿರಿಯರ ಜೊತೆಯಿಲ್ಲದೆ ಇದಕ್ಕೆ ಕೈಹಾಕಬಾರದು.

ಮರುದಿನ ಕಾರು ಮೊದಲಿನ ಲಯದಲ್ಲಿ ಓಡಿತು. ಅದನ್ನು ಸರಿಪಡಿಸಿದ್ದು ಹೊಸ ಪ್ಲಗ್ಗು ಎಂಬುದು ನಿಜ. ಆದರೆ ಪ್ಲಗ್ಗನ್ನು ಕಂಡುಹಿಡಿದದ್ದು ಮಗಳು ಕೇಳಿದ ‘ಹೇಗೆ ಗೊತ್ತು?’ ಎಂಬ ಪ್ರಶ್ನೆ. ಎಲ್ಲವನ್ನೂ ಒಮ್ಮೆಗೇ ಬದಲಿಸುವುದು ಕತ್ತಲಲ್ಲಿ ಕಲ್ಲೆಸೆದಂತೆ; ತಾಗಿದರೂ ಯಾವುದು ತಾಗಿತೆಂದು ತಿಳಿಯದು. ಒಂದು ಬಾರಿಗೆ ಒಂದನ್ನೇ ಬದಲಿಸಿ, ಫಲವನ್ನು ನೋಡಿ, ಅನಂತರ ಮುಂದಿನ ಹೆಜ್ಜೆಯಿಡುವುದೇ ವಿಜ್ಞಾನದ ಮಾರ್ಗ. ಆ ಮಾರ್ಗ ಪ್ರಯೋಗಶಾಲೆಯಲ್ಲಿ ಮಾತ್ರವಲ್ಲ, ಮನೆಯ ಅಂಗಳದಲ್ಲಿಯೂ ತೆರೆದಿರುತ್ತದೆ.