ಎಲ್ಲಿಂದಲೋ ಬಂದ ಹಣ

ಅಕ್ಕಂದಿರೇ, ಅಡುಗೆ ಮಾಡುವುದು ನಮಗೆಲ್ಲ ಗೊತ್ತು. ದಿನವೂ ಮಾಡುತ್ತೇವೆ. ಅಡುಗೆಯಿಂದ ಮನೆಯವರ ಹೊಟ್ಟೆ ತುಂಬುತ್ತದೆ. ಅದೇ ಅಡುಗೆಯಿಂದ ಒಂದು ಊರಿನ ಹೋರಾಟಕ್ಕೆ ಹಣ ಕೂಡಿಸಬಹುದೇ? "ಅದು ಹೇಗಾಗುತ್ತೆ?" ಅಂತೀರಾ? ಹಾಗೆ ಕೂಡಿಸಿದ ಹೆಂಗಸರಿದ್ದರು. ಅವರ ವಿಷಯ ಓದೋಣ. ಇದು ಕಟ್ಟುಕತೆ ಅಲ್ಲ, ನಡೆದ ಸಂಗತಿ.

ಬಸ್ಸಿನಲ್ಲಿ ಭೇದ

ಅಮೆರಿಕ ನಮ್ಮಿಂದ ಬಹಳ ದೂರದ ದೇಶ. ಅಲ್ಲಿ ಬಿಳಿ ಜನರಿದ್ದಾರೆ. ಕಪ್ಪು ಜನರೂ ಇದ್ದಾರೆ. ಕಪ್ಪು ಜನರ ಹಿರಿಯರನ್ನು ಆಫ್ರಿಕಾದಿಂದ ಹಿಡಿದು ತಂದಿದ್ದರು. ದನಗಳ ಹಾಗೆ ಮಾರಿದ್ದರು. ಕೂಲಿ ಕೊಡದೆ ದುಡಿಸಿಕೊಂಡಿದ್ದರು. 1865ರಲ್ಲಿ ಕಾನೂನು ಬಂದು ಈ ಗುಲಾಮಗಿರಿ ಹೋಯಿತು. ಆದರೆ ಭೇದ ಹೋಗಲಿಲ್ಲ.

ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಮಾಂಟ್‌ಗಮರಿ ಎಂಬ ನಗರವಿದೆ. ಆಗ ಅಲ್ಲಿ ಬಸ್ಸಿನ ಮುಂದಿನ ಸೀಟುಗಳು ಬಿಳಿಯರಿಗೆ ಮೀಸಲಾಗಿದ್ದವು. ಕಪ್ಪು ಜನರು ಹಿಂದೆ ಕೂರಬೇಕಿತ್ತು. ಬಿಳಿಯರಿಗೆ ಸೀಟು ಸಾಲದೆ ಹೋದರೆ ಕಪ್ಪು ಜನರು ಎದ್ದು ನಿಲ್ಲಬೇಕಿತ್ತು. ಎಷ್ಟೋ ಸಲ ಅವರು ಮುಂದಿನ ಬಾಗಿಲಲ್ಲಿ ಹತ್ತಿ ದುಡ್ಡು ಕೊಡಬೇಕಿತ್ತು. ಆಮೇಲೆ ಕೆಳಗಿಳಿದು ಹಿಂದಿನ ಬಾಗಿಲಿಂದ ಹತ್ತಬೇಕಿತ್ತು. ಬಸ್ಸಿನಲ್ಲಿ ಓಡಾಡುವವರಲ್ಲಿ ಹೆಚ್ಚಿನವರು ಕಪ್ಪು ಜನರೇ. ಬಸ್ಸು ನಡೆಯುತ್ತಿದ್ದುದೇ ಅವರ ದುಡ್ಡಿನಿಂದ. ಆದರೂ ಮರ್ಯಾದೆ ಇರಲಿಲ್ಲ.

ಆ ನಗರದಲ್ಲಿ ಜಾರ್ಜಿಯಾ ಗಿಲ್ಮೋರ್ ಎಂಬ ಹೆಂಗಸು ಇದ್ದರು. ಅವರಿಗೆ ಆರು ಮಕ್ಕಳು. ಒಂದು ಹೋಟೆಲಿನಲ್ಲಿ ಅಡುಗೆ ಕೆಲಸ. ಸೂಲಗಿತ್ತಿಯ ಕೆಲಸವನ್ನೂ ಮಾಡುತ್ತಿದ್ದರು. 1955ರ ಅಕ್ಟೋಬರಿನಲ್ಲಿ ಒಂದು ದಿನ ಅವರು ಬಸ್ಸು ಹತ್ತಿ ದುಡ್ಡು ಕೊಟ್ಟರು. ಇಳಿದು ಹಿಂದಿನಿಂದ ಬಾ ಎಂದು ಡ್ರೈವರ್ ಗದರಿಸಿದ. ಜಾರ್ಜಿಯಾ ಇಳಿದರು. ಹಿಂದಿನ ಬಾಗಿಲಿಗೆ ಬರುವುದರೊಳಗೆ ಬಸ್ಸು ಹೊರಟೇ ಹೋಯಿತು. ದುಡ್ಡೂ ಹೋಯಿತು, ಬಸ್ಸೂ ಹೋಯಿತು. ಇನ್ನು ಈ ಬಸ್ಸು ಹತ್ತುವುದಿಲ್ಲ ಎಂದು ಅವರು ಅಂದೇ ತೀರ್ಮಾನ ಮಾಡಿದರು.

ಊರಿಗೆ ಊರೇ ನಡೆಯಿತು

ಅದೇ ವರ್ಷ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಎಂಬ ಹೆಂಗಸು ಬಸ್ಸಿನಲ್ಲಿ ಸೀಟು ಬಿಟ್ಟು ಏಳಲಿಲ್ಲ. ಅವರು ಹೊಲಿಗೆ ಕೆಲಸ ಮಾಡುವವರು. ಪೊಲೀಸರು ಅವರನ್ನು ಹಿಡಿದುಕೊಂಡು ಹೋದರು. ಕಪ್ಪು ಹೆಂಗಸರ ಒಂದು ಸಂಘ ರಾತ್ರೋರಾತ್ರಿ ಸಾವಿರಾರು ಕರಪತ್ರ ಅಚ್ಚು ಹಾಕಿ ಹಂಚಿತು. ಸೋಮವಾರ ಯಾರೂ ಬಸ್ಸು ಹತ್ತಬೇಡಿ ಎಂದು ಅದರಲ್ಲಿ ಬರೆದಿತ್ತು. ಡಿಸೆಂಬರ್ 5ರ ಸೋಮವಾರ ಕಪ್ಪು ಜನರು ಬಸ್ಸು ಹತ್ತಲಿಲ್ಲ. ಬಸ್ಸುಗಳು ಖಾಲಿ ಓಡಿದವು.

ಅಂದು ಸಂಜೆ ಚರ್ಚಿನಲ್ಲಿ ದೊಡ್ಡ ಸಭೆ ಸೇರಿತು. ನ್ಯಾಯ ಸಿಗುವವರೆಗೆ ಬಸ್ಸು ಬೇಡ ಎಂದು ಎಲ್ಲರೂ ಒಪ್ಪಿದರು. ಹೋರಾಟ ನಡೆಸಲು ಒಂದು ಸಂಘ ಕಟ್ಟಿದರು. ಮಾರ್ಟಿನ್ ಲೂಥರ್ ಕಿಂಗ್ ಅದರ ಅಧ್ಯಕ್ಷರಾದರು. ಆಗ ಅವರಿಗೆ 26 ವರ್ಷ. ಹೊಡೆಯುವುದು ಬೇಡ, ಬಡಿಯುವುದು ಬೇಡ, ಆದರೆ ಅನ್ಯಾಯಕ್ಕೆ ತಲೆಬಾಗುವುದೂ ಬೇಡ ಎಂಬುದು ಅವರ ದಾರಿ. ನಮ್ಮ ಗಾಂಧೀಜಿಯವರ ದಾರಿಯನ್ನು ಅವರು ಬಹಳ ಮೆಚ್ಚಿದ್ದರು. 1959ರಲ್ಲಿ ನಮ್ಮ ದೇಶಕ್ಕೂ ಬಂದಿದ್ದರು.

ಬಸ್ಸು ಬಿಟ್ಟರೆ ಕೆಲಸಕ್ಕೆ ಹೋಗುವುದು ಹೇಗೆ? ಬಹಳ ಜನ ನಡೆದೇ ಹೋದರು. ಕಾರು ಇದ್ದವರು ಇಲ್ಲದವರನ್ನು ಕೂರಿಸಿಕೊಂಡು ಹೋದರು. ಸುಮಾರು 300 ಕಾರುಗಳು ಹೀಗೆ ಓಡಿದವು. ಆಮೇಲೆ ಚರ್ಚುಗಳ ಹೆಸರಿನಲ್ಲಿ ದೊಡ್ಡ ಗಾಡಿಗಳನ್ನೂ ಕೊಂಡರು.

ಹಣ ಬೇಕಲ್ಲ!

ಗಾಡಿ ಓಡಬೇಕಾದರೆ ಪೆಟ್ರೋಲು ಬೇಕು. ರಿಪೇರಿ ಮಾಡಿಸಬೇಕು. ವಿಮೆ ಕಟ್ಟಬೇಕು. ಕೋರ್ಟಿನ ಖರ್ಚು ಬೇರೆ. ಇದು ಒಂದು ದಿನದ ಮಾತಲ್ಲ, ತಿಂಗಳುಗಟ್ಟಲೆ ನಡೆಯಬೇಕು.

ಆದರೆ ಕಪ್ಪು ಹೆಂಗಸರಲ್ಲಿ ಹೆಚ್ಚಿನವರು ಬಿಳಿಯರ ಮನೆಗಳಲ್ಲಿ ಕೆಲಸಕ್ಕಿದ್ದರು. ಅಡುಗೆ ಮಾಡುವುದು, ಬಟ್ಟೆ ಒಗೆಯುವುದು, ಮಕ್ಕಳನ್ನು ನೋಡಿಕೊಳ್ಳುವುದು. ಕೂಲಿ ಬಹಳ ಕಡಿಮೆ. ಹೋರಾಟಕ್ಕೆ ಹಣ ಕೊಟ್ಟರೆಂದು ಯಜಮಾನರಿಗೆ ತಿಳಿದರೆ ಕೆಲಸ ಹೋಗುತ್ತಿತ್ತು. ಬಾಡಿಗೆ ಮನೆಯೂ ಹೋಗಬಹುದಿತ್ತು. ಕೊಡದಿದ್ದರೆ ಹೋರಾಟ ನಿಲ್ಲುತ್ತೆ. ಕೊಟ್ಟರೆ ಮಕ್ಕಳ ಅನ್ನ ಹೋಗುತ್ತೆ. ಏನು ಮಾಡಬೇಕು?

ಜಾರ್ಜಿಯಾ ಒಂದು ದಾರಿ ಕಂಡರು. ಕೆಲವು ಹೆಂಗಸರನ್ನು ಸೇರಿಸಿದರು. ಎಲ್ಲರೂ ಕೈಲಾದಷ್ಟು ಹಾಕಿದರು. 14 ಡಾಲರ್ ಆಯಿತು. ಡಾಲರ್ ಅಂದರೆ ಆ ದೇಶದ ದುಡ್ಡು. ಅದರಲ್ಲಿ ಕೋಳಿ, ಬ್ರೆಡ್ಡು, ಸೊಪ್ಪು ತಂದರು. ಬ್ರೆಡ್ಡಿನ ನಡುವೆ ಕೋಳಿ ಇಟ್ಟು ತಿಂಡಿ ಮಾಡಿ ಸಭೆಗೆ ಬಂದವರಿಗೆ ಮಾರಿದರು. ಬಂದ ದುಡ್ಡನ್ನು ಹೋರಾಟಕ್ಕೆ ಕೊಟ್ಟರು.

ಆಮೇಲೆ ಅವರವರ ಮನೆಯಲ್ಲೇ ಅಡುಗೆ ಶುರುವಾಯಿತು. ಕೇಕು, ಗೆಣಸಿನ ಸಿಹಿತಿಂಡಿ, ಕರಿದ ಮೀನು, ಬೇಯಿಸಿದ ಸೊಪ್ಪು ಮಾಡಿದರು. ಮನೆ ಮನೆಗೆ ಹೋಗಿ ಮಾರಿದರು. ತಲೆ ಬಾಚುವ ಅಂಗಡಿಗಳಲ್ಲಿ, ಟ್ಯಾಕ್ಸಿ ನಿಲ್ಲುವ ಕಡೆ ಮಾರಿದರು. ಕೊಂಡವರಲ್ಲಿ ಬಿಳಿಯರೂ ಇದ್ದರು. ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ಅವರಲ್ಲಿ ಎಷ್ಟೋ ಜನರಿಗೆ ಗೊತ್ತಿರಲಿಲ್ಲ!

ಯಾರು ಅಡುಗೆ ಮಾಡಿದರು, ಯಾರು ಎಷ್ಟು ಕೊಟ್ಟರು ಎಂಬುದು ಜಾರ್ಜಿಯಾಗೆ ಮಾತ್ರ ಗೊತ್ತು. ಹಣ ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದರೆ ಒಂದೇ ಉತ್ತರ, ಎಲ್ಲಿಂದಲೋ ಬಂತು. ಅದಕ್ಕೇ ಆ ಗುಂಪಿಗೆ 'ಕ್ಲಬ್ ಫ್ರಮ್ ನೋವೇರ್' ಎಂದು ಹೆಸರಾಯಿತು. 'ಎಲ್ಲಿಂದಲೋ ಬಂದ ಸಂಘ' ಎನ್ನಬಹುದು.

ಹೆಸರು ಗುಟ್ಟು, ಲೆಕ್ಕ ಬಹಿರಂಗ

ಸೋಮವಾರದ ಸಭೆಯಲ್ಲಿ ಜಾರ್ಜಿಯಾ ಹಣ ಒಪ್ಪಿಸುತ್ತಿದ್ದರು. ಇಷ್ಟು ಡಾಲರ್ ಬಂದಿದೆ ಎಂದು ಎಲ್ಲರ ಎದುರಿಗೆ ಹೇಳುತ್ತಿದ್ದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ವಾರಕ್ಕೆ 125 ಡಾಲರಿನಿಂದ 200 ಡಾಲರ್ ವರೆಗೆ ಬರುತ್ತಿತ್ತು. ದಿನಕ್ಕೆ ಕೆಲವೇ ಡಾಲರ್ ಕೂಲಿ ಸಿಗುವ ಹೆಂಗಸರಿಗೆ ಅದು ದೊಡ್ಡ ಹಣ.

ನೋಡಿ, ಇಲ್ಲಿ ಎರಡು ವಿಷಯ ಇವೆ. ಕೊಟ್ಟವರ ಹೆಸರು ಗುಟ್ಟಾಗಿತ್ತು, ಏಕೆಂದರೆ ಅವರ ಕೆಲಸ ಉಳಿಯಬೇಕಿತ್ತು. ಆದರೆ ಬಂದ ಹಣ ಗುಟ್ಟಾಗಿರಲಿಲ್ಲ. ಅದಕ್ಕೇ ಜನ ನಂಬಿದರು.

ನಗರದ ಇನ್ನೊಂದು ಭಾಗದಲ್ಲಿ ಐನೆಜ್ ರಿಕ್ಸ್ ಎಂಬ ಹೆಂಗಸು ಇಂಥದೇ ಇನ್ನೊಂದು ಗುಂಪು ಕಟ್ಟಿದರು. ಯಾರು ಹೆಚ್ಚು ಕೂಡಿಸುತ್ತಾರೆ ಎಂದು ಎರಡು ಗುಂಪುಗಳಿಗೂ ಪೈಪೋಟಿ. ಪೈಪೋಟಿಯಿಂದ ಜಗಳ ಬರಲಿಲ್ಲ. ಹೋರಾಟಕ್ಕೆ ಹಣ ಹೆಚ್ಚು ಬಂತು.

ದೂರದ ಊರುಗಳಿಂದಲೂ ನೆರವು ಬಂತು. ಆದರೆ ಪರರು ಕೊಡಲಿ ಎಂದು ಮಾಂಟ್‌ಗಮರಿಯ ಜನ ಕಾಯಲಿಲ್ಲ. ಮೊದಲು ತಾವೇ ಕೊಟ್ಟರು. ಹಣವನ್ನು ಯಾವುದಕ್ಕೆ ಖರ್ಚು ಮಾಡಬೇಕು ಎಂದು ಅವರ ಸಂಘವೇ ತೀರ್ಮಾನಿಸಿತು.

ಜಾರ್ಜಿಯಾ ಕೆಲಸ ಹೋಯಿತು

1956ರ ಮಾರ್ಚಿನಲ್ಲಿ ಕಿಂಗ್ ಅವರ ಮೇಲೆ ಕೇಸು ನಡೆಯಿತು. ಜಾರ್ಜಿಯಾ ಕೋರ್ಟಿಗೆ ಹೋಗಿ ಸಾಕ್ಷಿ ಹೇಳಿದರು. ಬಸ್ಸಿನ ಡ್ರೈವರ್ ಏನು ಮಾಡಿದ ಎಂದು ಹೆದರದೆ ಹೇಳಿದರು. ಇತರರ ಹೆಸರನ್ನು ಮುಚ್ಚಿಟ್ಟು ಕಾಪಾಡಿದವರು ತಮ್ಮ ಹೆಸರನ್ನು ಮುಚ್ಚಿಡಲಿಲ್ಲ. ಅವರ ಹೋಟೆಲ್ ಕೆಲಸ ಹೋಯಿತು. ಆರು ಮಕ್ಕಳ ತಾಯಿ!

ಆದರೆ ಅವರು ಕೈಕಟ್ಟಿ ಕೂರಲಿಲ್ಲ. ಮನೆಯಲ್ಲೇ ಅಡುಗೆ ಮಾಡಿ ಊಟ ಮಾರಲು ತೊಡಗಿದರು. ಇದಕ್ಕೆ ಕಿಂಗ್ ಅವರೇ ಹುರಿದುಂಬಿಸಿದರು, ಹಣದ ನೆರವನ್ನೂ ಕೊಟ್ಟರು. ನೋಡಿ, ಹೋರಾಟಕ್ಕೆ ಕೊಟ್ಟವರ ಕೈ ಬರಿದಾದಾಗ ಹೋರಾಟದವರು ಅವರ ಕೈ ಹಿಡಿದರು. ಜಾರ್ಜಿಯಾ ಮನೆ ಊಟದ ಮನೆಯಾಯಿತು. ಕಿಂಗ್ ಅಲ್ಲಿಗೆ ಊಟಕ್ಕೆ ಬರುತ್ತಿದ್ದರು. ಅಲ್ಲೇ ಕುಳಿತು ಹೋರಾಟದ ಮಾತುಕತೆಯನ್ನೂ ನಡೆಸುತ್ತಿದ್ದರು.

1956ರ ನವೆಂಬರಿನಲ್ಲಿ ದೇಶದ ಅತಿ ದೊಡ್ಡ ಕೋರ್ಟು ಬಸ್ಸಿನಲ್ಲಿ ಭೇದ ಮಾಡುವುದು ತಪ್ಪು ಎಂದಿತು. ಆ ಆದೇಶ ಊರಿಗೆ ಬಂದು ಮುಟ್ಟಿದ ಮೇಲೆ, ಡಿಸೆಂಬರ್ 20ರಂದು ಹೋರಾಟ ಮುಗಿಯಿತು. ಒಟ್ಟು 381 ದಿನ! ಮಾರನೆಯ ದಿನದಿಂದ ಕಪ್ಪು ಜನರು ಮುಂದಿನ ಬಾಗಿಲಿಂದಲೇ ಹತ್ತಿ, ಬೇಕಾದ ಸೀಟಿನಲ್ಲಿ ಕುಳಿತರು.

ಜಾರ್ಜಿಯಾ ಕೊನೆಯವರೆಗೂ ಅಡುಗೆ ಬಿಡಲಿಲ್ಲ. 1990ರಲ್ಲಿ, ಮತದಾನದ ಹಕ್ಕಿಗಾಗಿ ಹಿಂದೆ ನಡೆದ ಮೆರವಣಿಗೆಯ ನೆನಪಿಗೆ ಜನ ಸೇರುವವರಿದ್ದರು. ಅವರಿಗಾಗಿ ಅಡುಗೆ ಮಾಡುತ್ತಿದ್ದಾಗ ಜಾರ್ಜಿಯಾ ತೀರಿಕೊಂಡರು. ದುಃಖಕ್ಕೆ ಬಂದ ಜನರಿಗೆ ಮನೆಯವರು ಅದೇ ಅಡುಗೆಯನ್ನು ಬಡಿಸಿದರು.

ಇಂದೂ ಇದೆ ಈ ಪದ್ಧತಿ

ಅಮೆರಿಕದ ಹಲವು ನಗರಗಳಲ್ಲಿ ಕಪ್ಪು ಜನರು ಇಂದೂ ಕೊಡುಗೆಯ ಗುಂಪುಗಳನ್ನು ನಡೆಸುತ್ತಾರೆ. ಎಲ್ಲರೂ ಸ್ವಲ್ಪ ಸ್ವಲ್ಪ ಹಣ ಹಾಕುತ್ತಾರೆ. ಈ ಸಲ ಯಾರಿಗೆ ಕೊಡೋಣ ಎಂದು ಕೂತು ಮಾತಾಡುತ್ತಾರೆ. ಮಕ್ಕಳಿಗೆ ಪಾಠ ಹೇಳುವವರಿಗೋ, ರೋಗಿಗಳನ್ನು ನೋಡಿಕೊಳ್ಳುವವರಿಗೋ ಕೊಡುತ್ತಾರೆ. ಇದು ಸಾಲವಲ್ಲ, ಬಡ್ಡಿ ಇಲ್ಲ. ತಮ್ಮ ಕೇರಿಗೆ ಏನು ಬೇಕು ಎಂದು ಕೇರಿಯವರಿಗೇ ಚೆನ್ನಾಗಿ ಗೊತ್ತು. ಆದ್ದರಿಂದ ತೀರ್ಮಾನವೂ ಅವರದೇ.

ಕೊಡುವುದಕ್ಕೆ ಸಿರಿವಂತರೇ ಆಗಬೇಕಿಲ್ಲ. 14 ಡಾಲರಿನಿಂದ ಶುರು ಮಾಡಿದ ಹೆಂಗಸರು ಇದನ್ನು ತೋರಿಸಿಕೊಟ್ಟರು.

ಮಾತಾಡೋಣ, ಬರೆಯೋಣ

1. ಜಾರ್ಜಿಯಾ ಬಸ್ಸು ಬಿಟ್ಟದ್ದು ಯಾಕೆ?
2. ಹಣ ಕೊಟ್ಟ ಹೆಂಗಸರ ಹೆಸರನ್ನು ಗುಟ್ಟಾಗಿ ಇಟ್ಟದ್ದು ಯಾಕೆ?
3. ವಾರಕ್ಕೆ 125 ಡಾಲರ್ ಬಂದರೆ 4 ವಾರಕ್ಕೆ ಎಷ್ಟು? ಲೆಕ್ಕ ಮಾಡಿ.
4. ನಿಮ್ಮ ಸಂಘದಲ್ಲಿ ಹಣದ ಲೆಕ್ಕವನ್ನು ಎಲ್ಲರ ಎದುರಿಗೆ ಓದುತ್ತೀರಾ? ಯಾರು ಓದುತ್ತಾರೆ? ಮುಂದಿನ ಸಲ ನೀವೇ ಓದಿ.
5. ನಿಮ್ಮ ಕೇರಿಗೆ ಎಲ್ಲಕ್ಕಿಂತ ಮೊದಲು ಏನು ಬೇಕು? ಒಂದು ಸಾಲು ಬರೆಯಿರಿ.