ಬಯಲಿನ ಫೈರ್‌ವಾಲು: ಅದರ ದ್ವಾರಗಳೂ ಅಂಗಾಂಗಗಳೂ

೨೦೧೫ನೆಯ ಇಸವಿ ಡಿಸೆಂಬರ್ ೨೩ರಂದು ಯುಕ್ರೇನ್ ದೇಶದಲ್ಲಿ ಮೂರು ವಿದ್ಯುತ್ ವಿತರಣ ಸಂಸ್ಥೆಗಳ ಸುಮಾರು ೨,೨೫,೦೦೦ ಗ್ರಾಹಕರಿಗೆ ವಿದ್ಯುತ್ತು ನಿಂತುಹೋಯಿತು. ಬಿರುಗಾಳಿ ಬೀಸಿರಲಿಲ್ಲ, ತಂತಿ ಹರಿದಿರಲಿಲ್ಲ. ದೂರದಲ್ಲಿ ಕುಳಿತ ಶತ್ರುಗಳು ಜಾಲದ ಮೂಲಕ ಒಳಹೊಕ್ಕು, ಉಪಕೇಂದ್ರಗಳ ಸ್ವಿಚ್ಚುಗಳನ್ನು ತೆರೆದುಬಿಟ್ಟಿದ್ದರು. ಅಷ್ಟಕ್ಕೇ ನಿಲ್ಲದೆ, ಉಪಕೇಂದ್ರದ ಹಳೆಯ ಯಂತ್ರಗಳನ್ನು ಹೊಸ ಜಾಲಕ್ಕೆ ಜೋಡಿಸುತ್ತಿದ್ದ ಸಣ್ಣ ಪೆಟ್ಟಿಗೆಗಳೊಳಗಿನ ತಂತ್ರಾಂಶವನ್ನೂ ಕೆಡಿಸಿದರು. ಕೇಂದ್ರದಿಂದ ಆಜ್ಞೆ ಕಳುಹಿಸುವ ಮಾರ್ಗವೇ ಇಲ್ಲವಾಗಿ, ಕೆಲಸಗಾರರು ಉಪಕೇಂದ್ರಗಳಿಗೆ ತಾವೇ ಹೋಗಿ ಕೈಯಿಂದ ಸ್ವಿಚ್ಚುಗಳನ್ನು ಹಾಕಬೇಕಾಯಿತು. ದೀಪ ಮರಳಲು ಕೆಲವು ಗಂಟೆಗಳು ಹಿಡಿದುವು.

ಅಂಥ ಪೆಟ್ಟಿಗೆಗಳ ಮುಂದೆ ಕಾವಲಾಗಿ ಇಡತಕ್ಕ ಸಾಧನವೇ ಈ ಪಾಠದ ವಿಷಯ. ಕಟ್ಟಡದಲ್ಲಿ ಬೆಂಕಿಯು ಒಂದು ಭಾಗದಿಂದ ಇನ್ನೊಂದಕ್ಕೆ ಹಬ್ಬದಂತೆ ಕಟ್ಟುವ ಗೋಡೆಗೆ ಇಂಗ್ಲಿಷಿನಲ್ಲಿ ಫೈರ್‌ವಾಲ್ ಎಂದು ಹೆಸರು. ಗಣಕಯಂತ್ರದವರು ಆ ಹೆಸರನ್ನು ಎರವಲು ಪಡೆದರು. ಆದರೆ ಇದು ಬರಿಯ ಗೋಡೆಯಲ್ಲ. ಬರುವ ಹೋಗುವ ಪ್ರತಿಯೊಂದು ಸಂದೇಶವನ್ನೂ ತಡೆದು, ಯಾರು, ಎಲ್ಲಿಗೆ, ಏತಕ್ಕೆ ಎಂದು ವಿಚಾರಿಸಿ ಬಿಡುವ ದ್ವಾರಪಾಲಕನೆಂದರೆ ಹೆಚ್ಚು ಸರಿಯಾದೀತು. ಪೋರ್ಟ್ ಎಂಬ ಶಬ್ದಕ್ಕೂ ಇಲ್ಲಿ ಎರಡು ಅರ್ಥಗಳಿದ್ದು, ವಿದ್ಯಾರ್ಥಿಗಳು ಇವನ್ನು ಬೆರೆಸಬಾರದು. ೦ಯಿಂದ ೬೫,೫೩೫ರ ವರೆಗಿನ ಅಂಕೆಗಳಿಂದ ಗುರುತಿಸುವ, ಕಣ್ಣಿಗೆ ಕಾಣದ ಪೋರ್ಟುಗಳು ಒಂದು ಬಗೆ. ಪೆಟ್ಟಿಗೆಯ ಮುಖದ ಮೇಲೆ ತಂತಿ ಸಿಕ್ಕಿಸುವ ರಂಧ್ರಗಳು ಇನ್ನೊಂದು ಬಗೆ. ನಾವು ಮುಖ್ಯವಾಗಿ ಎರಡನೆಯದನ್ನೇ ವಿವರಿಸುವೆವು.

ಈ ಪೆಟ್ಟಿಗೆಯ ವಾಸ ತಂಪಾದ ಕೊಠಡಿಯಲ್ಲಲ್ಲ. ಬಯಲಿನ ಕಬ್ಬಿಣದ ಕಪಾಟಿನಲ್ಲಿ. ಆದಕಾರಣ ಇಂಥವುಗಳನ್ನು ಸಾಮಾನ್ಯವಾಗಿ ಸೊನ್ನೆಗಿಂತ ಕೆಳಗೆ ೪೦ ಡಿಗ್ರಿಯಿಂದ ಮೇಲಕ್ಕೆ ೭೦ ಡಿಗ್ರಿ ಸೆಂಟಿಗ್ರೇಡಿನ ವರೆಗೂ ನಡೆಯುವಂತೆ ರಚಿಸುತ್ತಾರೆ. ಒಳಗೆ ಫ್ಯಾನು ಇಲ್ಲ. ತಿರುಗುವ ವಸ್ತು ಸವೆಯುತ್ತದೆ, ಧೂಳನ್ನೂ ಎಳೆಯುತ್ತದೆ. ಅದರ ಬದಲು ಲೋಹದ ಹೊದಿಕೆಗೇ ಏಣುಗಳನ್ನು ಮೂಡಿಸಿ, ಶಾಖವು ಗಾಳಿಗೆ ತಾನಾಗಿ ಹರಿಯುವಂತೆ ಮಾಡಿರುತ್ತಾರೆ. ೩೫ ಮಿಲಿಮೀಟರ್ ಅಗಲದ ಡಿನ್ ರೈಲೆಂಬ ಪಟ್ಟಿಗೆ ಪೆಟ್ಟಿಗೆಯನ್ನು ಸಿಕ್ಕಿಸುವರು. ನೇರ ವಿದ್ಯುತ್ತಿಗೆ ಎರಡು ಪ್ರತ್ಯೇಕ ದ್ವಾರಗಳಿರುವುದು ವಾಡಿಕೆ. ಒಂದು ಬ್ಯಾಟರಿ ಕೈಕೊಟ್ಟರೆ ಇನ್ನೊಂದು ಹೊರುತ್ತದೆ. ಪಕ್ಕದಲ್ಲಿರುವ ಭೂಸಂಪರ್ಕದ ತಿರುಪು ಅಲಂಕಾರವೆಂದು ತಿಳಿದು ಬಿಡುವವರೂ ಉಂಟು. ಮೊದಲು ಬಿಗಿಯತಕ್ಕದ್ದು ಅದನ್ನೇ.

ತಂತಿ ಎಳೆಯಲಾಗದ ಎಡೆಗೆ ಮೊಬೈಲ್ ಫೋನಿನ ಜಾಲವೇ ದಾರಿ. ಅದಕ್ಕಾಗಿ ಒಳಗೊಂದು ಮೋಡೆಮು, ಹೊರಗೆ ತಿರುಪಿನ ಆಂಟೆನಾ ಕೊಂಡಿಗಳು. ನಾಲ್ಕನೆಯ ಪೀಳಿಗೆಯ ಜಾಲಕ್ಕೆ ಸಾಮಾನ್ಯವಾಗಿ ಎರಡು, ಐದನೆಯದಕ್ಕೆ ನಾಲ್ಕು. ಕಬ್ಬಿಣದ ಕಪಾಟು ರೇಡಿಯೋ ಅಲೆಗಳನ್ನು ತಡೆಯುವುದರಿಂದ ಆಂಟೆನಾ ಹೊರಗಿರಬೇಕು. ಹೊರಗಿದ್ದರೆ ಸಿಡಿಲಿನ ಭಯ. ಆದುದರಿಂದ ನಡುವೆ ಸಿಡಿಲು ತಡೆಯುವ ತುಂಡೊಂದು ಅವಶ್ಯ. ಎರಡು ಕಂಪೆನಿಗಳ ಜಾಲಗಳನ್ನು ಬಳಸಲೆಂದು ಎರಡು ಸಿಮ್ ಕಾರ್ಡುಗಳಿಗೆ ಸ್ಥಳವಿರುತ್ತದೆ. ಮೋಡೆಮು ಒಂದೇ ಆದಲ್ಲಿ ಒಮ್ಮೆಗೆ ಒಂದೇ ಸಿಮ್ ದುಡಿಯುವುದೆಂಬುದನ್ನು ಮರೆಯಬಾರದು. ೧೨.೩ ಮಿಲಿಮೀಟರ್ ಉದ್ದ, ೮.೮ ಅಗಲದ ಈ ಚೂರನ್ನು ಕಳ್ಳನೊಬ್ಬ ಕಿತ್ತು ತನ್ನ ಯಂತ್ರಕ್ಕೆ ಹಾಕಿಕೊಂಡರೆ, ಸಂಸ್ಥೆಯ ಖಾಸಗಿ ಜಾಲದ ಬೀದಿಬಾಗಿಲಿಗೆ ಅವನು ಬಂದು ನಿಂತಂತೆಯೇ. ಸಿಮ್ಮಿನ ಮೇಲೆ ತಿರುಪು ಹಾಕಿದ ಮುಚ್ಚಳವಿರುವುದೂ, ಅದಕ್ಕೆ ಗುಪ್ತಸಂಖ್ಯೆ ಕೊಡುವುದೂ ಇದಕ್ಕಾಗಿಯೇ.

ಎತರ್‌ನೆಟ್ಟಿನ ಆರ್‌ಜೆ-೪೫ ರಂಧ್ರವನ್ನು ಬಹುಮಂದಿ ನೋಡಿರುತ್ತಾರೆ. ಎಂಟು ತಾಮ್ರದ ಎಳೆಗಳು; ೧೦೦ ಮೀಟರಿನ ವರೆಗೆ ಅದರ ಓಟ. ಅದರ ಪಕ್ಕದ ಚೌಕಾಕಾರದ ಬರಿದಾದ ಗೂಡು ಎಸ್‌ಎಫ್‌ಪಿ. ಅದಕ್ಕೆ ತಕ್ಕ ಬಿಡಿಭಾಗವನ್ನು ತುರುಕಿ ಗಾಜಿನ ಎಳೆಯನ್ನು ಜೋಡಿಸುತ್ತಾರೆ. ಗಾಜಿನಲ್ಲಿ ಸಂದೇಶ ಬೆಳಕಾಗಿ ಹಲವು ಕಿಲೋಮೀಟರ್ ಸಾಗುತ್ತದೆಯೆಂಬುದು ಒಂದು ಗುಣ. ಉಪಕೇಂದ್ರದಲ್ಲಿ ಅದಕ್ಕಿಂತಲೂ ಮಿಗಿಲಾದ ಗುಣ, ಗಾಜು ವಿದ್ಯುತ್ತನ್ನು ಒಯ್ಯುವುದಿಲ್ಲವೆಂಬುದು. ಅಲ್ಲಿ ಭಾರಿ ವಿದ್ಯುತ್ತು ನೆಲಕ್ಕೆ ಹರಿದಾಗ ಆ ನೆಲದ ವೋಲ್ಟೇಜೇ ಏರಿಬಿಡುತ್ತದೆ. ಹೊರಗಿನಿಂದ ಬಂದ ತಾಮ್ರದ ತಂತಿ ಅಪಾಯವನ್ನು ಕೊಂಡೊಯ್ಯಬಲ್ಲುದು, ಗಾಜು ಒಯ್ಯಲಾರದು.

ಒಂಬತ್ತು ಮುಳ್ಳುಗಳ ಸೀರಿಯಲ್ ಪೋರ್ಟು ನೋಡಲು ಹಳೆಯದು, ವಯಸ್ಸಿನಲ್ಲಿಯೂ ಹಳೆಯದು. ಆರ್‌ಎಸ್-೨೩೨ ಎಂಬ ನಿಯಮ ೧೯೬೦ರದು. ಅದರ ಮೇಲೆ ಹರಿಯುವ ಮಾಡ್‌ಬಸ್ ಎಂಬ ಯಂತ್ರಭಾಷೆ ೧೯೭೯ರದು. ಅದರ ಮೂಲರೂಪದಲ್ಲಿ ಗುಪ್ತಪದವೆಂಬುದೇ ಇಲ್ಲ. ಕೇಳಿದವನು ಯಾರೆಂದು ವಿಚಾರಿಸದೆ ಯಂತ್ರ ಆಜ್ಞೆಯನ್ನು ಪಾಲಿಸುತ್ತದೆ. ತಂತಿ ಒಂದೇ ಕೋಣೆಯೊಳಗಿದ್ದಷ್ಟು ಕಾಲ ಈ ಸರಳತೆ ದೋಷವಾಗಿರಲಿಲ್ಲ. ಯುಕ್ರೇನಿನಲ್ಲಿ ಕೆಟ್ಟ ಪೆಟ್ಟಿಗೆಗಳು ಇಂಥ ಹಳೆಯ ತಂತಿಗೂ ಹೊಸ ಜಾಲಕ್ಕೂ ನಡುವಣ ಸೇತುವೆಗಳೇ ಆಗಿದ್ದುವು. ಆದುದರಿಂದ ಈ ರಂಧ್ರವಿರುವ ಫೈರ್‌ವಾಲಿನಲ್ಲಿ, ಆ ದ್ವಾರಕ್ಕೆ ಯಾರ ಮಾತು ತಲುಪಬೇಕೆಂಬ ನಿಯಮವನ್ನು ಎಲ್ಲಕ್ಕಿಂತ ಬಿಗಿಯಾಗಿ ಬರೆಯಬೇಕೆಂಬುದು ನಮ್ಮ ಮತ.

ಕನ್ಸೋಲ್ ಮತ್ತು ಯುಎಸ್‌ಬಿ ರಂಧ್ರಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಮೊದಲನೆಯದು ದುರಸ್ತಿಗಾರನ ಬಾಗಿಲು. ಎರಡನೆಯದನ್ನು ಕೆಲಸವಿಲ್ಲದಾಗ ಮುಚ್ಚಿಡುವುದು ಲೇಸು. ಎರಡು ತಂತಿಗಳ ಒಂದು ಸಣ್ಣ ಕೊಂಡಿಗೆ ಕಪಾಟಿನ ಬಾಗಿಲ ಸ್ವಿಚ್ಚನ್ನು ಸೇರಿಸಿದರೆ, ಬಾಗಿಲು ತೆರೆದ ಗಳಿಗೆಯೇ ಕೇಂದ್ರಕ್ಕೆ ಸುದ್ದಿ ಮುಟ್ಟುತ್ತದೆ.

ಕೊನೆಯದಾಗಿ, ಕೆಲವು ಪೆಟ್ಟಿಗೆಗಳಲ್ಲಿ ಮಾತ್ರ ಇರುವ ಬೈಪಾಸ್ ಎಂಬ ಜೋಡಿ. ಪೆಟ್ಟಿಗೆಗೆ ವಿದ್ಯುತ್ತು ತಪ್ಪಿದರೆ ಒಳಗಿನ ರಿಲೇಯೊಂದು ಸಡಿಲಗೊಂಡು ಎರಡು ಎತರ್‌ನೆಟ್ ರಂಧ್ರಗಳನ್ನು ನೇರವಾಗಿ ಕೂಡಿಸಿಬಿಡುತ್ತದೆ. ಕಾವಲುಗಾರ ಮೂರ್ಛೆಹೋದರೂ ಕಾರ್ಖಾನೆ ನಿಲ್ಲಬಾರದೆಂಬುದು ಇದರ ಉದ್ದೇಶ. ಆದರೆ ಆಗ ಗೋಡೆಯಿದ್ದ ಎಡೆಯಲ್ಲಿ ಹೆಬ್ಬಾಗಿಲು ತೆರೆದಂತಾಗಲಿಲ್ಲವೆ? ಒಳಗಿನ ಎರಡು ಯಂತ್ರಗಳ ನಡುವೆ, ಮಾತು ನಿಂತರೆ ಅಪಘಾತವಾಗುವಂಥ ಎಡೆಯಲ್ಲಿ, ಈ ಜೋಡಿಯನ್ನು ಬಳಸುವುದು ಯುಕ್ತ. ಹೊರಜಗತ್ತಿನಿಂದ ಬರುವ ತಂತಿಯನ್ನು ಅದಕ್ಕೆ ಸಿಕ್ಕಿಸಬಾರದು. ಅಂಥ ತಂತಿಗೆ ಪೆಟ್ಟಿಗೆ ಸತ್ತಾಗ ತಾನೂ ಸಾಯುವ ಸಾಧಾರಣ ರಂಧ್ರವೇ ತಕ್ಕದ್ದು.